ಕೀಲಿನ ಜೊತೆ ಮನಸ್ಸನ್ನೂ ವಿಚಾರಿಸಿ

ಮಾನ್ಯ ಸಂಪಾದಕರೇ,

ರುಮಟಾಯ್ಡ್ ಸಂಧಿವಾತದವರು (ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ ಇದು) ತಪಾಸಣೆಗೆ ಬಂದರೆ ಬೆರಳ ಗೆಣ್ಣು ಒತ್ತಿ ನೋಡುತ್ತಾರೆ, ಬೆಳಗಿನ ಬಿಗಿತ ಎಷ್ಟು ಹೊತ್ತು ಎಂದು ಕೇಳುತ್ತಾರೆ, ರಕ್ತಪರೀಕ್ಷೆಗೆ ಬರೆದುಕೊಡುತ್ತಾರೆ. ಮನಸ್ಸು ಹೇಗಿದೆ, ಖಿನ್ನತೆ ಕಾಡುತ್ತಿದೆಯೇ ಎಂದು ಕೇಳುವುದು ಅಪರೂಪ. ಕೇಳದೇ ಇರುವುದರಿಂದ ಕೀಲಿನ ಚಿಕಿತ್ಸೆಯೇ ದಾರಿ ತಪ್ಪುತ್ತದೆ ಎಂಬುದು ನಮ್ಮ ಕಳವಳ.

ರೋಗದ ತೀವ್ರತೆ ಅಳೆಯಲು ಬಳಸುವ ಡಿಎಎಸ್ 28 ಅಂಕವನ್ನೇ ನೋಡಿ. ಮುಟ್ಟಿದರೆ ನೋಯುವ ಕೀಲುಗಳು, ಊದಿದ ಕೀಲುಗಳು, ಉರಿಯೂತ ತೋರಿಸುವ ರಕ್ತಪರೀಕ್ಷೆಯಾದ ಇಎಸ್‌ಆರ್, ಜೊತೆಗೆ ರೋಗಿ ತನ್ನ ಸ್ಥಿತಿಗೆ ತಾನೇ 100ಕ್ಕೆ ಕೊಡುವ ಅಂಕ (ಹೆಚ್ಚಾದಷ್ಟೂ ಕಷ್ಟ ಹೆಚ್ಚು), ಇವು ನಾಲ್ಕೂ ಸೇರಿ ಅದು ಬರುತ್ತದೆ. ಲೆಕ್ಕದಲ್ಲಿ ನೋವಿಗೆ ಊತದ ಎರಡರಷ್ಟು ತೂಕ. ಊದಿದ ಕೀಲು ಒಂದೇ, ಇಎಸ್‌ಆರ್ 12, ಆದರೆ ನೋಯುವ ಕೀಲು 16, ರೋಗಿ ಕೊಟ್ಟ ಅಂಕ 80 ಎಂದುಕೊಳ್ಳಿ. ಸೂತ್ರಕ್ಕೆ ಹಾಕಿದರೆ ಬರುವ ಅಂಕ ಸುಮಾರು 5.4. 5.1 ದಾಟಿದರೆ 'ತೀವ್ರ' ಎಂದೇ ಲೆಕ್ಕ. ಉರಿಯೂತ ಹೆಚ್ಚೇನೂ ಇಲ್ಲದಿದ್ದರೂ ಔಷಧಿಯ ಪ್ರಮಾಣ ಏರುತ್ತದೆ, ದುಬಾರಿ ಚುಚ್ಚುಮದ್ದಿನ ಮಾತು ಬರುತ್ತದೆ. ಖಿನ್ನತೆ ನೋವನ್ನು ಹಿಗ್ಗಿಸುತ್ತದೆ; ಆ ನೋವು ಸುಳ್ಳಲ್ಲ, ಆದರೆ ಉರಿಯೂತ ತಗ್ಗಿಸುವ ಔಷಧಿಯಾದ ಮೆಥೊಟ್ರೆಕ್ಸೇಟ್‌ಗೆ ಬಗ್ಗುವಂಥದ್ದೂ ಅಲ್ಲ. ಊತ ಕಡಿಮೆ, ನೋವು ಜಾಸ್ತಿ ಎಂಬ ಅಂತರ ಕಂಡಾಗ ಫೈಬ್ರೊಮಯಾಲ್ಜಿಯದ (ಉರಿಯೂತವಿಲ್ಲದೆಯೂ ಮೈಯೆಲ್ಲ ನೋಯುವ ತೊಂದರೆ) ಜೊತೆ ಖಿನ್ನತೆಯನ್ನೂ ಅನುಮಾನಿಸಬೇಕು.

"ಕಾಯಿಲೆ ಬಂದಮೇಲೆ ಬೇಸರ ಇದ್ದದ್ದೇ" ಎಂದು ಬಿಟ್ಟುಬಿಡುವಂತಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಈ ರೋಗಿಗಳ ಪೈಕಿ ಸುಮಾರು ಶೇ 17 ಮಂದಿಗೆ ಪೂರ್ಣಪ್ರಮಾಣದ ಖಿನ್ನತೆ ಕಂಡುಬಂದಿತ್ತು. ಸುಸ್ತು, ನಿದ್ರಾಹೀನತೆ, ಹಸಿವಿಲ್ಲದಿರುವುದು ಎರಡೂ ಕಾಯಿಲೆಗಳಲ್ಲಿ ಇರುವುದರಿಂದ ಅವುಗಳಿಂದಷ್ಟೇ ತೀರ್ಮಾನ ಮಾಡಲಾಗದು.

ಕೇಳಬೇಕಾದ ಪ್ರಶ್ನೆ ಎರಡೇ. ಕಳೆದ 2 ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲವೆನಿಸಿತ್ತೇ? ಮನಸ್ಸು ಕುಗ್ಗಿ, ಇನ್ನೇನೂ ಉಳಿದಿಲ್ಲ ಎನಿಸಿತ್ತೇ? ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚುಕಡಿಮೆ ದಿನವೂ ಎಂದರೆ 3. ಎರಡೂ ಸೇರಿ 3 ಅಥವಾ ಹೆಚ್ಚಾದರೆ ವಿವರವಾದ ತಪಾಸಣೆ ಬೇಕು. ಸಾಯುವ ಯೋಚನೆ ಇದೆ ಎಂದವರನ್ನು ಅಂದೇ ಮನೋವೈದ್ಯರಿಗೆ ತೋರಿಸಬೇಕು, ಒಂಟಿಯಾಗಿ ಕಳಿಸಬಾರದು.

ಔಷಧಿಗಳಲ್ಲಿ ಎಡವುವುದೇ ಹೆಚ್ಚು. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನಿದ್ದೆಯನ್ನೂ ಮನಃಸ್ಥಿತಿಯನ್ನೂ ಕೆಡಿಸಬಲ್ಲದು. ಸಾಮಾನ್ಯವಾಗಿ ಬೆಳಿಗ್ಗೆಯೇ ತೆಗೆದುಕೊಳ್ಳಬೇಕು, ತಾವಾಗಿಯೇ ದಿಢೀರನೆ ನಿಲ್ಲಿಸಬಾರದು. ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆಯ ಮಾತ್ರೆ ಮತ್ತು ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಒಟ್ಟಿಗಾದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಟ್ರಮಡಾಲ್ ಎಂಬ ನೋವುನಿವಾರಕದ ಜೊತೆಗಂತೂ ಇನ್ನೂ ಎಚ್ಚರ ಬೇಕು. ನಿದ್ದೆಗೆಂದು ಬರೆದ 10 ಮಿಲಿಗ್ರಾಂ ಅಮಿಟ್ರಿಪ್ಟಿಲೀನ್ (ಇದೂ ಖಿನ್ನತೆಯ ಔಷಧಿಯೇ) ಖಿನ್ನತೆಗೆ ಸಾಲುವ ಡೋಸ್ ಅಲ್ಲ. ಖಿನ್ನತೆಯ ಮಾತ್ರೆ ಪರಿಣಾಮ ತೋರಲು 2ರಿಂದ 4 ವಾರ ಬೇಕು, ವಾಕರಿಕೆ ಮೊದಲ ವಾರವೇ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಬಹಳ ಮಂದಿ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಖಿನ್ನತೆಯಲ್ಲಿರುವವರು ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ತಪ್ಪಿಸುವುದೂ ಉಂಟು. ಗದರದೆ, "ಕಳೆದ 4 ವಾರದಲ್ಲಿ ಎಷ್ಟು ಸಲ ತಪ್ಪಿತು?" ಎಂದು ಕೇಳಿದರೆ ನಿಜ ಹೇಳುತ್ತಾರೆ. ಸಂಧಿವಾತ ವಿಭಾಗಗಳು ಈ ಪ್ರಶ್ನೆಯನ್ನೂ ಮೇಲಿನ ಎರಡನ್ನೂ ತಪಾಸಣೆಯ ಫಾರಂನಲ್ಲೇ ಅಚ್ಚು ಹಾಕಿಸಬೇಕು. ರಕ್ತದೊತ್ತಡ ನೋಡುವಾಗಲೇ ನರ್ಸ್‌ಗಳು ಅದನ್ನು ತುಂಬಿಸಿಕೊಳ್ಳಬಹುದು.

ಇಂತಿ,
ಸಂಧಿವಾತ ಚಿಕಿತ್ಸಾ ಕ್ಷೇತ್ರದಲ್ಲಿ ಕೆಲಸ ಮಾಡುವ ಓದುಗರು