ಶನಿವಾರದ ಗೋವಾ ಟ್ರಿಪ್: ಮೊದಲ ಚರ್ಚಿನೊಳಗಿನ ಮ್ಯೂಸಿಯಂ

ಚಿತ್ರಕಲಾ ಗುಂಪಿನ ಎಲ್ಲಾರಿಗೂ ನಮಸ್ಕಾರ್ರಿ.

ಬೀಚ್ ಆಮೇಲೆ ನೋಡೂಣು, ಮೊದಲ ಓಲ್ಡ್ ಗೋವಾದಾಗ ಇಳಿಯೂಣು. ಅಳ್ನಾವರ, ಲೋಂಡಾ, ಅನಮೋಡ, ಪೋಂಡಾ ದಾಟಿದ್ರ ಪಣಜಿಗಿಂತ ಮೊದಲ ಅದ ಊರು ಸಿಗತೈತಿ.

ಅಲ್ಲಿ ಸಾಂತಾ ಮೋನಿಕಾ ಕಾನ್ವೆಂಟ್, ಅಂದ್ರ ಕ್ರೈಸ್ತ ಸನ್ಯಾಸಿನಿಯರ ಮಠ ಐತಿ. 1606ರಾಗ ಕಟ್ಟಾಕ ಹಿಡಿದು 1627ರಾಗ ಮುಗಿಸಿದ್ದು. ಅದರ ಚರ್ಚಿನ ಭಾಗದಾಗ ಈಗ ಕ್ರಿಶ್ಚಿಯನ್ ಕಲೆಯ ಮ್ಯೂಸಿಯಂ ಐತಿ. 1994ರಾಗ ಗೋವಾದ ರಾಶೋಲ್ ಸೆಮಿನರಿಯೊಳಗ (ಪಾದ್ರಿಗಳನ್ನ ತಯಾರು ಮಾಡೋ ಶಾಲಿ) ಚಾಲೂ ಆಗಿ, 2002ರಾಗ ಇಲ್ಲಿಗೆ ಬಂತು.

ಎರಡು ವಸ್ತು ಮುಂದ ಗಡಿಬಿಡಿ ಮಾಡಬ್ಯಾಡ್ರಿ. ಒಂದು, ಬೆಳ್ಳಿಗೆ ಬಂಗಾರದ ನೀರು ಕೊಟ್ಟ ಪೆಲಿಕನ್ ಹಕ್ಕಿ. ದುಂಡನ ಗೋಳದ ಮ್ಯಾಲ ನಿಂತು, ತನ್ನ ಎದಿ ಕುಕ್ಕಿ ಮರಿಗಳಿಗೆ ರಕ್ತ ಕುಡಿಸ್ತೈತಿ. ಪೂಜೆಯ ಪವಿತ್ರ ರೊಟ್ಟಿ ಇಡಾಕ ಮಾಡಿದ್ದದು. ಇನ್ನೊಂದು, ದಂತದಾಗ ಕೆತ್ತಿದ ಕುರಿಗಾಹಿ ಬಾಲಯೇಸು. ಇಂಥಾ ಗೋವಾದ ದಂತದ ಮೂರ್ತಿಗಳ ಅರೆಮುಚ್ಚಿದ ಕಣ್ಣು ನೋಡಿದ್ರ ಧ್ಯಾನಕ್ಕ ಕೂತ ಬುದ್ಧ ನೆನಪಾಗತಾನ. ಯುರೋಪಿನ ಕಥಿ ಇಲ್ಲಿಯ ಕೆತ್ತನೆಗಾರರ ಕೈಯಾಗ ಹೆಂಗ ಬದಲಾತು ಅನ್ನೋದನ್ನ ಕಣ್ಣಾರೆ ನೋಡಬೇಕು. ನಾ ಈ ಟ್ರಿಪ್ ಹಟ ಹಿಡಿದಿದ್ದು ಅದಕ್ಕನ.

ಸ್ಕೆಚ್‌ಬುಕ್, ಪೆನ್ಸಿಲ್ ಸಾಕು, ಬಣ್ಣ ಬ್ಯಾಡ. ಫೋಟೋ ತೆಗಿಯೋಕ್ಕಿಂತ ಮೊದಲ ಕೌಂಟರ್‌ನಾಗ ಕೇಳ್ರಿ. ಬಾಜೂಕ ಬಾಮ್ ಜೀಸಸ್ ಬೆಸಿಲಿಕಾಕ್ಕೂ ಹೋಗ್ತೀವಿ, ಅಲ್ಲಿ ಪ್ರಾರ್ಥನಾ ನಡದಿರತೈತಿ. ಭುಜ, ಮೊಣಕಾಲು ಮುಚ್ಚೋ ಅರಿವಿ ಹಾಕ್ಕೊಂಡು ಬರ್ರಿ.

ಮುಂಜಾನೆ 5ಕ್ಕ ಧಾರವಾಡ ಜುಬಿಲಿ ಸರ್ಕಲ್. ಹುಬ್ಬಳ್ಳಿಯವರು 4.15ಕ್ಕ ಹೊಸೂರು ಬಸ್ ಸ್ಟ್ಯಾಂಡ್. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟಗೊಂಡು ಬರ್ರಿ. ಬರಾವ್ರು ಬುಧವಾರದೊಳಗ ಇಲ್ಲೇ ಹೆಸರು ಹಾಕ್ರಿ, ಗಾಡಿಯವರಿಗೆ ಮಂದಿ ಲೆಕ್ಕ ಹೇಳಬೇಕು.