ಕೊಂಡ ಇ-ಪುಸ್ತಕ ಕೊಂಡವರ ಕೈಯಲ್ಲೇ ಉಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ಒಂಬತ್ತು ವರ್ಷ ಬಳಸಿದ ನನ್ನ ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಸಾಧನ, ಕಳೆದ ತಿಂಗಳು ಕೆಟ್ಟಿತು. ಪರದೆಯ ಮೇಲರ್ಧದಲ್ಲಿ ಎಂದೋ ಓದಿದ ಪುಟದ ಸಾಲುಗಳು ಅಚ್ಚು ಹಾಕಿದ ಹಾಗೆ ನಿಂತುಬಿಟ್ಟಿವೆ. ಪುಟ ತಿರುಗಿಸಿದರೆ ಕೆಳಗಿನ ಅರ್ಧ ಮಾತ್ರ ಬದಲಾಗುತ್ತದೆ. ವಯಸ್ಸಾದ ಕಣ್ಣಿಗೆ ದಪ್ಪ ಅಕ್ಷರ ಬೇಕಾಗಿದ್ದರಿಂದ, ಈಗಲಾದರೂ ದೊಡ್ಡ ಪರದೆಯದನ್ನು ಕೊಳ್ಳೋಣವೆಂದು ಬೇರೊಂದು ಕಂಪನಿಯ ಇ-ರೀಡರ್ ತರಿಸಿಕೊಂಡೆ. ಹಳೆಯದನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಇಷ್ಟು ವರ್ಷಗಳಲ್ಲಿ ಹಣ ಕೊಟ್ಟು ಕೊಂಡ ಇನ್ನೂರಕ್ಕೂ ಹೆಚ್ಚು ಪುಸ್ತಕಗಳ ಫೈಲುಗಳನ್ನು ನಕಲು ಮಾಡಿಕೊಂಡೆ. ಹೊಸ ಸಾಧನಕ್ಕೆ ಒಗ್ಗುವ ಫಾರ್ಮ್ಯಾಟಿಗೆ ಬದಲಾಯಿಸಲು ಅವನ್ನು ಕ್ಯಾಲಿಬರ್ ತಂತ್ರಾಂಶಕ್ಕೆ ಸೇರಿಸಿದಾಗ ಮುಖಪುಟಗಳು, ಶೀರ್ಷಿಕೆಗಳು, ಲೇಖಕರ ಹೆಸರುಗಳು ಸಾಲಾಗಿ ಬಂದು ಕೂತವು. ಆದರೆ ಪರಿವರ್ತಿಸಲು ಹೋದರೆ ಒಂದಾದ ಮೇಲೊಂದಕ್ಕೆ ಅದೇ ಉತ್ತರ: ಈ ಪುಸ್ತಕಕ್ಕೆ ಬೀಗ ಹಾಕಲಾಗಿದೆ, ಪರಿವರ್ತಿಸಲು ಸಾಧ್ಯವಿಲ್ಲ. ಕೊನೆಗೆ ಹೊಸ ಸಾಧನದಲ್ಲಿ ತೆರೆದುಕೊಂಡದ್ದು ಮೂವತ್ತೊಂದು ಪುಸ್ತಕಗಳು ಮಾತ್ರ.

ಇದು ನನ್ನೊಬ್ಬನ ಕಷ್ಟವಾಗಿದ್ದರೆ ನಿಮ್ಮ ಪತ್ರಿಕೆಯ ಜಾಗ ಕೇಳುತ್ತಿರಲಿಲ್ಲ. ಇ-ಪುಸ್ತಕ ಕೊಂಡು ಓದುವ ಯಾರಿಗಾದರೂ, ಎಲ್ಲಿಯಾದರೂ, ಸಾಧನ ಬದಲಾಯಿಸುವ ದಿನ ಬಂದೇ ಬರುತ್ತದೆ. ಎಲೆಕ್ಟ್ರಾನಿಕ್ ವಸ್ತುವಿನ ಆಯಸ್ಸು ಕೆಲವೇ ವರ್ಷ. ಪುಸ್ತಕದ ಆಯಸ್ಸು ಓದುಗನ ಆಯಸ್ಸಿಗಿಂತಲೂ ದೊಡ್ಡದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವ ಪದ್ಧತಿಯನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡುಬಿಟ್ಟಿದ್ದೇವೆ ಎಂಬುದೇ ನನ್ನ ಚಿಂತೆ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಮಾರಾಟಗಾರರ ಸಹಾಯವಾಣಿಯವರು ಅವೆರಡನ್ನೂ ಕಲಸಿ ಮಾತನಾಡುತ್ತಾರೆ. ಮೊದಲನೆಯದು ಫಾರ್ಮ್ಯಾಟ್, ಅಂದರೆ ಪುಸ್ತಕದ ಫೈಲನ್ನು ಕಟ್ಟಿರುವ ರೂಪ. ಇ-ಪಬ್ ಎಂಬ ಮುಕ್ತ ಮಾನಕ 2007ರಲ್ಲಿ ಬಂತು, 2017ರಿಂದ ಅದರ ಹೊಣೆಯನ್ನು ವೆಬ್‌ನ ಮಾನಕಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಹೊತ್ತಿದೆ. ಅದರ ಒಳಗನ್ನು ಬಿಚ್ಚಿ ನೋಡಿದರೆ ವೆಬ್ ಪುಟಗಳಂತೆಯೇ ಬರೆದ ಅಧ್ಯಾಯಗಳು, ಚಿತ್ರಗಳು, ಅಧ್ಯಾಯಗಳ ಕ್ರಮ ಹೇಳುವ ಒಂದು ಪಟ್ಟಿ, ಇವೆಲ್ಲವನ್ನೂ ಒಂದು ಜಿಪ್ ಕಡತದಲ್ಲಿ ಕಟ್ಟಿಟ್ಟಿರುತ್ತಾರೆ, ಅಷ್ಟೇ. ಅಮೆಜಾನ್ ಕಂಪನಿಯ ಕಿಂಡಲ್ ಇ-ರೀಡರುಗಳು ಮೋಬಿ, ಎಝಡ್‌ಡಬ್ಲ್ಯು3, ಕೆಎಫ್‌ಎಕ್ಸ್ ಎಂಬ ತಮ್ಮದೇ ರೂಪಗಳನ್ನು ಬಳಸುತ್ತಾ ಬಂದಿವೆ. ಬೀಗವಿಲ್ಲದ ಪುಸ್ತಕವನ್ನು ಒಂದು ರೂಪದಿಂದ ಇನ್ನೊಂದಕ್ಕೆ ತರುವುದು ಕೆಲವು ನಿಮಿಷಗಳ ಕೆಲಸ. ಕೋವಿದ್ ಗೋಯಲ್ ಅವರು 2006ರಲ್ಲಿ ಒಂದು ಸೋನಿ ಇ-ರೀಡರಿಗಾಗಿ ಬರೆಯಲಾರಂಭಿಸಿದ, ಮುಂದೆ ಕ್ಯಾಲಿಬರ್ ಎಂದು ಹೆಸರು ಪಡೆದ ಉಚಿತ ತಂತ್ರಾಂಶ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಎರಡನೆಯದು ಬೀಗ, ಅಂದರೆ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್ ಅಥವಾ ಡಿಆರ್‌ಎಂ. ಪುಸ್ತಕದ ಪಠ್ಯವನ್ನು ಗೂಢಲಿಪಿಗೆ ತಿರುಗಿಸಿ, ಅದನ್ನು ಬಿಡಿಸುವ ಕೀಲಿಯನ್ನು ಓದುಗನ ಖಾತೆಗೋ ನಿರ್ದಿಷ್ಟ ಸಾಧನಕ್ಕೋ ಗಂಟು ಹಾಕಿರುತ್ತಾರೆ. ನನಗೆ ಮುಖಪುಟ ಕಂಡು ಪುಸ್ತಕ ಕಾಣದೆ ಹೋದದ್ದು ಇದರಿಂದಲೇ. ಬೀಗ ಬಿದ್ದಿರುವುದು ಒಳಗಿನ ಬರಹಕ್ಕೆ, ಹೊರಗಿನ ವಿವರಗಳಿಗಲ್ಲ. ಫೈಲು ನನ್ನ ಕಂಪ್ಯೂಟರಿನಲ್ಲಿದೆ, ಅದರ ಕೀಲಿ ಅಂಗಡಿಯವರ ವಶದಲ್ಲಿದೆ. ಅಂಗಡಿಯವರು ಮನಸ್ಸು ಬದಲಾಯಿಸಿದರೆ, ವ್ಯಾಪಾರ ನಿಲ್ಲಿಸಿದರೆ, ನನ್ನ ಖಾತೆಯನ್ನು ಯಾವುದೋ ಕಾರಣಕ್ಕೆ ಮುಚ್ಚಿದರೆ, ನನ್ನಲ್ಲಿ ಉಳಿಯುವುದು ಓದಲಾಗದ ಅಕ್ಷರರಾಶಿ.

ಇದು ಬರೀ ಊಹೆಯಲ್ಲ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿಯು ಜಾರ್ಜ್ ಆರ್ವೆಲ್ ಅವರ ಎರಡು ಕಾದಂಬರಿಗಳನ್ನು, ಮಾರಿದವರಿಗೆ ಅದರ ಹಕ್ಕು ಇರಲಿಲ್ಲವೆಂಬ ಕಾರಣಕ್ಕೆ, ಆಗಲೇ ಕೊಂಡವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ವಾಪಸು ಬಂತು, ಸಂಸ್ಥಾಪಕ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು; ಆದರೆ ಶಾಲೆಯ ಪಾಠಕ್ಕಾಗಿ ಪುಸ್ತಕದ ಜೊತೆಗೇ ಟಿಪ್ಪಣಿ ಬರೆಯುತ್ತಿದ್ದ ಒಬ್ಬ ವಿದ್ಯಾರ್ಥಿಯ ಶ್ರಮ ವ್ಯರ್ಥವಾಯಿತೆಂದು ಆ ವಿಷಯ ನ್ಯಾಯಾಲಯದವರೆಗೂ ಹೋಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಅಲ್ಲಿ ಕೊಂಡ ಪುಸ್ತಕಗಳೆಲ್ಲವೂ ತೆರೆಯದಂತಾದವು. ಅಲ್ಲಿಯೂ ಹಣ ಮರಳಿಸಿದರು, ಟಿಪ್ಪಣಿ ಮಾಡಿಕೊಂಡಿದ್ದವರಿಗೆ 25 ಡಾಲರ್ ಹೆಚ್ಚಾಗಿಯೇ ಕೊಟ್ಟರು. ಇನ್ನು 2025ರ ಫೆಬ್ರುವರಿ 26ರಂದು, ಕೊಂಡ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಕೇಬಲ್ ಮೂಲಕ ಕಿಂಡಲ್‌ಗೆ ಹಾಕಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ ತನ್ನ ಜಾಲತಾಣದಿಂದ ತೆಗೆದುಹಾಕಿತು.

ಹಣ ವಾಪಸು ಕೊಟ್ಟ ಮೇಲೆ ನಷ್ಟವೇನು ಎಂದು ಕೇಳುವವರಿಗೆ ನನ್ನ ಹಳೆಯ ಸಾಧನದ ಇನ್ನೊಂದು ಫೈಲನ್ನು ತೋರಿಸಬೇಕೆನಿಸುತ್ತದೆ. ನಾನು ಅಡಿಗೆರೆ ಎಳೆದ ಸಾಲುಗಳೂ ಬರೆದುಕೊಂಡ ಟಿಪ್ಪಣಿಗಳೂ ಅದರಲ್ಲಿ ಸಾದಾ ಪಠ್ಯವಾಗಿ ಉಳಿದಿದ್ದವು, ಬೀಗವಿಲ್ಲದ ಕಾರಣ ಸಲೀಸಾಗಿ ಕಂಪ್ಯೂಟರಿಗೆ ಬಂದವು. ಒಂದು ಕಡೆ ಹೀಗಿದೆ: ‘ಇಲ್ಲಿಂದ ಹಿಂದಕ್ಕೆ ಹೋಗಿ ತಾಯಿಯ ಪತ್ರವನ್ನು ಇನ್ನೊಮ್ಮೆ ಓದಬೇಕು. ಆಗ ತಿಳಿದಿರಲಿಲ್ಲ.’ ಯಾವ ತಾಯಿ, ಯಾವ ಪತ್ರ ಎಂದು ನೋಡೋಣವೆಂದರೆ ಆ ಪುಸ್ತಕ ಬೀಗದೊಳಗಿದೆ. ಮುದ್ರಿತ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಮಾತು ಆ ಪುಟವನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನನ್ನ ಒಂಬತ್ತು ವರ್ಷಗಳ ಓದು ಈಗ ತಲೆ ಒಂದು ಕಡೆ, ಮುಂಡ ಒಂದು ಕಡೆ ಎಂಬಂತಾಗಿದೆ.

ಬೀಗದ ಪರವಾಗಿ ಹೇಳುವ ಮಾತು ಒಂದೇ, ಅದು ಕಳ್ಳನಕಲು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರ್ಷಗಟ್ಟಲೆ ಕೂತು ಬರೆದ ಪುಸ್ತಕವನ್ನು ಯಾರೋ ಮೊಬೈಲ್ ಗುಂಪುಗಳಲ್ಲಿ ಹಂಚಿ ಲೇಖಕನ ಹೊಟ್ಟೆಯ ಮೇಲೆ ಹೊಡೆಯುವುದು ಅನ್ಯಾಯ. ಹಾಗೆ ಬಂದ ಫೈಲುಗಳನ್ನು ತೆರೆಯದೆ ಅಳಿಸುವ ರೂಢಿ ನನ್ನದು. ಆದರೆ ಈ ಬೀಗ ತಡೆಯುತ್ತಿರುವುದು ಯಾರನ್ನು? ಕಳ್ಳನಕಲು ಹಂಚುವವನಿಗೆ ಬೀಗ ಬಿಚ್ಚಿದ ಒಂದು ಪ್ರತಿ ಸಿಕ್ಕಿದರೆ ಸಾಕು, ಅಲ್ಲಿಂದ ಮುಂದೆ ಆ ಪುಸ್ತಕಕ್ಕೆ ಬೀಗವೇ ಇಲ್ಲ. ಅದನ್ನು ಓದುವವನು ಯಾವ ಸಾಧನದಲ್ಲಾದರೂ ಓದುತ್ತಾನೆ, ಅಕ್ಷರ ಹಿಗ್ಗಿಸಿಕೊಳ್ಳುತ್ತಾನೆ, ಮೊಮ್ಮಗಳಿಗೂ ಕೊಡುತ್ತಾನೆ. ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ ಮಾತ್ರ ಇದ್ಯಾವುದೂ ಇಲ್ಲ. ಪ್ರಾಮಾಣಿಕರಿಗೆ ಕೀಳು ಸರಕು, ಕದ್ದವರಿಗೆ ಮೇಲು ಸರಕು ಸಿಗುವ ವ್ಯಾಪಾರದಿಂದ ಲೇಖಕರಿಗೆ ಯಾವ ರಕ್ಷಣೆ ಸಿಕ್ಕಿತೋ ನನಗೆ ಅರ್ಥವಾಗಿಲ್ಲ.

ಬೀಗವಿಲ್ಲದೆ ಮಾರಿದವರು ಮುಳುಗಿಹೋಗಿಲ್ಲ ಎಂಬುದಕ್ಕೆ ಉದಾಹರಣೆಗಳಿವೆ. ಆ್ಯಪಲ್ ಕಂಪನಿ ತನ್ನ ಐಟ್ಯೂನ್ಸ್ ಮಳಿಗೆಯ ಸಂಗೀತದಿಂದ ಬೀಗವನ್ನು 2009ರಲ್ಲೇ ತೆಗೆಯಿತು. ವೈಜ್ಞಾನಿಕ ಕಾದಂಬರಿಗಳಿಗೆ ಹೆಸರಾದ ಟಾರ್ ಪ್ರಕಾಶನ 2012ರಿಂದ ತನ್ನ ಇ-ಪುಸ್ತಕಗಳನ್ನು ಬೀಗವಿಲ್ಲದೆ ಮಾರತೊಡಗಿತು. ಒಂದು ವರ್ಷದ ನಂತರ, ಕಳ್ಳನಕಲು ಗಮನಿಸುವಷ್ಟೇನೂ ಹೆಚ್ಚಿಲ್ಲವೆಂದು ಅವರೇ ಹೇಳಿದರು. ಸಂಪೂರ್ಣ ನಂಬಿಕೆ ಕಷ್ಟವೆನ್ನುವ ಪ್ರಕಾಶಕರಿಗೆ ನಡುದಾರಿಯೂ ಉಂಟು. ಕೊಂಡವರ ಗುರುತನ್ನು ಫೈಲಿನೊಳಗೆ ನೀರುಗುರುತಾಗಿ (ವಾಟರ್‌ಮಾರ್ಕ್) ಸೇರಿಸಿ ಮಾರುವುದು ಒಂದು ಬಗೆ. ಆ ಪ್ರತಿ ಊರೆಲ್ಲ ಹರಿದಾಡಿದರೆ ಮೂಲ ಯಾರೆಂದು ತಿಳಿಯುತ್ತದೆ, ಆದರೆ ಓದುಗನು ಅದನ್ನು ಯಾವ ಸಾಧನಕ್ಕೆ ಬೇಕಾದರೂ ಹಾಕಿಕೊಳ್ಳಬಹುದು. ರೀಡಿಯಂ ಎಲ್‌ಸಿಪಿ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಬೀಗವಿರುತ್ತದೆ, ಆದರೆ ಅದು ತೆರೆಯುವುದು ಒಂದು ಗುಪ್ತಪದದಿಂದ. ಆ ಮಾನಕವನ್ನು ಒಪ್ಪಿದ ಯಾವ ಕಂಪನಿಯ ಸಾಧನವಾದರೂ ನಡೆಯುತ್ತದೆ. ನನ್ನ ಮನಸ್ಸು ನೀರುಗುರುತಿನ ಕಡೆಗೇ ವಾಲುತ್ತದೆ. ಎಂಥ ಸೌಮ್ಯ ಬೀಗವಾದರೂ ಅದನ್ನು ಮಾಡಿದವರು ಇರುವಷ್ಟು ದಿನ ಮಾತ್ರ ತೆರೆಯುತ್ತದೆ, ನೀರುಗುರುತಿಗೆ ಆ ಹಂಗಿಲ್ಲ.

ಬೀಗ ಬಿಚ್ಚುವ ಉಪಾಯಗಳನ್ನು ಹೇಳಿಕೊಡುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಹಾಗೆ ಬಿಚ್ಚುವುದು ತಪ್ಪೋ ಸರಿಯೋ ಎಂಬುದಕ್ಕೆ ಒಂದೊಂದು ದೇಶದ ಕಾನೂನು ಒಂದೊಂದು ಉತ್ತರ ಕೊಡುತ್ತದೆ. ಅಮೆರಿಕದ 1998ರ ಕಾನೂನು ಬೀಗ ಬಿಚ್ಚುವ ಕ್ರಿಯೆಯನ್ನೇ ನಿಷೇಧಿಸಿ, ಮೂರು ವರ್ಷಕ್ಕೊಮ್ಮೆ ಕೆಲವು ವಿನಾಯಿತಿಗಳನ್ನು ಘೋಷಿಸುತ್ತದೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸುತ್ತದೆ. ಉದ್ದೇಶ ಎಂಬ ಒಂದು ಮಾತು ಅಲ್ಲಿರುವುದು ವಿವೇಕದ ಲಕ್ಷಣವೇ. ಆದರೂ ತಾನು ಕೊಂಡ ಪುಸ್ತಕವನ್ನು ತನ್ನದೇ ಇನ್ನೊಂದು ಸಾಧನದಲ್ಲಿ ಓದಲು ಹೊರಟ ಸಾಮಾನ್ಯ ಓದುಗ, ಕಾಯ್ದೆಯ ಕಲಮುಗಳನ್ನು ಎದುರಿಗಿಟ್ಟುಕೊಂಡು ತನ್ನ ಉದ್ದೇಶವನ್ನು ತಾನೇ ವಿಚಾರಣೆ ಮಾಡಿಕೊಳ್ಳಬೇಕಾಗಿ ಬರುವುದೇ ಅವಮಾನ. ಸ್ವಂತ ಓದಿಗಾಗಿ ರೂಪ ಬದಲಾಯಿಸಿಕೊಳ್ಳುವುದು ಅಪರಾಧವಲ್ಲ ಎಂದು ಕಾನೂನು ಬಾಯಿಬಿಟ್ಟು ಹೇಳಬೇಕು. ದೃಷ್ಟಿದೋಷವುಳ್ಳವರಿಗೆ ಅಂಥ ದಾರಿ ತೆರೆಯಲೆಂದು 2013ರಲ್ಲಿ ಮರಾಕೇಶ್ ಒಪ್ಪಂದವಾಯಿತು; ಬೀಗವು ಅವರ ಓದಿಗೆ ಅಡ್ಡಬರದಂತೆ ನೋಡಿಕೊಳ್ಳಬೇಕೆಂಬ ಮಾತು ಅದರಲ್ಲಿ ಸ್ಪಷ್ಟವಾಗಿದೆ. ಕಣ್ಣು ಪೂರ್ತಿ ಹೋಗದೆ ಬರೀ ಮಂಜಾದವರಿಗೂ ಆ ನೆರಳು ಬೇಕು.

ಮಾತಿನ ಪ್ರಾಮಾಣಿಕತೆಯ ಪ್ರಶ್ನೆಯೂ ಇಲ್ಲಿದೆ. ಗುಂಡಿಯ ಮೇಲೆ ‘ಕೊಳ್ಳಿ’ ಎಂದು ಬರೆದು, ಯಾರೂ ಓದದ ಉದ್ದನೆಯ ಷರತ್ತುಗಳೊಳಗೆ ಇದು ಮಾರಾಟವಲ್ಲ, ಓದುವ ಪರವಾನಗಿ ಮಾತ್ರ ಎಂದು ಹೇಳುವುದನ್ನು ಯಾವ ಸಂತೆಯಲ್ಲೂ ಸರಿಯಾದ ವ್ಯಾಪಾರವೆನ್ನುವುದಿಲ್ಲ. ಆ ಪರವಾನಗಿ ಸಾಮಾನ್ಯವಾಗಿ ಖಾತೆದಾರನ ಜೊತೆಗೇ ಮುಗಿಯುತ್ತದೆ. ಮಕ್ಕಳಿಗೆ ಬಿಟ್ಟುಹೋಗುವ ಪುಸ್ತಕದ ಕಪಾಟು ಎಂಬುದು ಅಲ್ಲಿಲ್ಲ. 2025ರ ಜನವರಿಯಿಂದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಇಂಥ ಡಿಜಿಟಲ್ ಸರಕನ್ನು ಮಾರುವಾಗ ಅದು ಕೇವಲ ಪರವಾನಗಿ ಎಂದು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಪದವನ್ನು ಬಳಸುವಂತಿಲ್ಲ. ಪುಸ್ತಕದ ಬೆಲೆಯ ಪಕ್ಕದಲ್ಲೇ ಬೀಗವಿದೆಯೋ ಇಲ್ಲವೋ, ಯಾವ ಯಾವ ಸಾಧನದಲ್ಲಿ ತೆರೆಯುತ್ತದೆ ಎಂಬ ಎರಡು ಸಾಲು ಇದ್ದರೆ ಸಾಕು. ಮೊದಲೇ ತಿಳಿದಿದ್ದರೆ ನಾನು ಅರ್ಧದಷ್ಟು ಪುಸ್ತಕಗಳನ್ನಾದರೂ ಬೇರೆಡೆ ಕೊಳ್ಳುತ್ತಿದ್ದೆ.

ಕನ್ನಡ ಓದುವವರಿಗೆ ಇನ್ನೊಂದು ತೊಡಕಿದೆ, ಅದಕ್ಕೆ ಬೀಗ ಕಾರಣವಲ್ಲ. ಎಲ್ಲ ಲಿಪಿಗಳಿಗೂ ಸಲ್ಲುವ ಸಂಕೇತ ಕ್ರಮವಾದ ಯುನಿಕೋಡ್ ಬರುವುದಕ್ಕೆ ಮುಂಚಿನ ಫಾಂಟುಗಳಲ್ಲಿ ಜೋಡಿಸಿದ ಪಿಡಿಎಫ್ ಪುಸ್ತಕವನ್ನು ಇ-ಪಬ್‌ಗೆ ಪರಿವರ್ತಿಸಿದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ಗೊಂದಲ ಹೊರಬರುತ್ತದೆ. ಯುನಿಕೋಡಿನಲ್ಲೇ ಇದ್ದರೂ ಸಾಧನಕ್ಕೆ ಕನ್ನಡ ಲಿಪಿಯನ್ನು ಜೋಡಿಸುವ ಕ್ರಮ ಗೊತ್ತಿರದಿದ್ದರೆ ಒತ್ತಕ್ಷರ ಕಳಚಿ ಪಕ್ಕದಲ್ಲಿ ಕೂರುತ್ತದೆ. ಬೀಗವಿಲ್ಲದ ನನ್ನ ಮೂವತ್ತೊಂದು ಪುಸ್ತಕಗಳಲ್ಲಿ ಒಂದು ಕನ್ನಡ ಕಥಾಸಂಕಲನ ಹೊಸ ಸಾಧನದಲ್ಲಿ ಹೀಗೆಯೇ ತೆರೆದುಕೊಂಡಿತು, ‘ಅಮ್ಮ’ ಎಂಬ ಪದದಲ್ಲಿ ಮೊದಲ ಮಕಾರ ಹಲಂತ ಚಿಹ್ನೆ ಹೊತ್ತು ನಿಂತಿತ್ತು, ಎರಡನೆಯ ಮಕಾರ ಅದರ ಪಕ್ಕದಲ್ಲಿ ಬೇರೆಯಾಗಿ ನಿಂತಿತ್ತು. ಒಳ್ಳೆಯ ಕನ್ನಡ ಫಾಂಟೊಂದನ್ನು ಸಾಧನಕ್ಕೆ ಸೇರಿಸಿ, ಬೇರೊಂದು ಓದುವ ತಂತ್ರಾಂಶ ಹಾಕಿಕೊಂಡ ಮೇಲೆ ಪುಟ ಸರಿಹೋಯಿತು. ನಾನು ಇದನ್ನು ದೂರಿನಂತೆ ಹೇಳುತ್ತಿಲ್ಲ. ಫೈಲು ತೆರೆದಿದ್ದರಿಂದ ತಪ್ಪು ಕಂಡಿತು, ಕಂಡದ್ದರಿಂದ ತಿದ್ದಿಕೊಳ್ಳಲು ಸಾಧ್ಯವಾಯಿತು. ಅದೇ ಪುಸ್ತಕಕ್ಕೆ ಬೀಗವಿದ್ದಿದ್ದರೆ ಆ ಒಡೆದ ಅಕ್ಷರಗಳ ಜೊತೆಗೇ ನಾನು ಓದಬೇಕಾಗುತ್ತಿತ್ತು, ಅಥವಾ ಓದುವುದನ್ನೇ ಬಿಡಬೇಕಾಗುತ್ತಿತ್ತು.

ಅನೇಕ ಮಾರಾಟ ತಾಣಗಳಲ್ಲಿ ಬೀಗ ಬೇಕೇ ಬೇಡವೇ ಎಂದು ಆರಿಸುವ ಅಧಿಕಾರ ಪ್ರಕಾಶಕರಿಗೇ ಇದೆ ಎಂಬುದು ಬಹಳ ಓದುಗರಿಗೆ ತಿಳಿದಿಲ್ಲ. ಕೆಲವು ಲೇಖಕರಿಗೂ ತಿಳಿದಿರಲಾರದು. ಆದ್ದರಿಂದ ನನ್ನ ಕೋರಿಕೆ ದೂರದ ಕಂಪನಿಗಳಿಗಿಂತ ಮೊದಲು ನಮ್ಮ ಭಾಷೆಯ ಪ್ರಕಾಶಕರಿಗೆ ಮತ್ತು ಲೇಖಕರಿಗೆ. ಮುಂದಿನ ಪುಸ್ತಕವನ್ನು ಇ-ರೂಪಕ್ಕೆ ತರುವಾಗ ಆ ಒಂದು ಚೌಕದ ಮುಂದೆ ಅರೆಕ್ಷಣ ನಿಂತು, ಬೀಗ ಬೇಡ ಎಂದು ಗುರುತು ಹಾಕಿ. ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಲೇಖಕರು ಈ ಪ್ರಶ್ನೆಯನ್ನು ಕೇಳಿ.

ನನ್ನ ಪುಸ್ತಕಗಳನ್ನು ಮಾರಿದ ಕಂಪನಿಗೆ ಎರಡು ಬಾರಿ ಬರೆದಿದ್ದೇನೆ. ಮೊದಲನೆಯದಕ್ಕೆ, ತಮ್ಮ ಆ್ಯಪ್‌ನಲ್ಲಿ ಓದಿಕೊಳ್ಳಬಹುದು ಎಂಬ ಉತ್ತರ ಬಂತು. ಮೊಬೈಲಿನ ಬೆಳಕಿನ ಪರದೆಯನ್ನು ಅರ್ಧ ಗಂಟೆಗಿಂತ ಹೆಚ್ಚು ನನ್ನ ಕಣ್ಣು ತಾಳುವುದಿಲ್ಲ. ಬೇರೆ ಮಳಿಗೆಗಳಲ್ಲಿ ಬೀಗವಿಲ್ಲದೆ ಸಿಗುತ್ತಿರುವ ಶೀರ್ಷಿಕೆಗಳ ಪಟ್ಟಿ ಮಾಡಿ, ಕಡೇಪಕ್ಷ ಅವನ್ನಾದರೂ ಅದೇ ರೀತಿ ಕೊಡಿ ಎಂದು ಎರಡನೆಯ ಸಲ ಕೇಳಿದ್ದೇನೆ, ಅದಕ್ಕೆ ಇನ್ನೂ ಉತ್ತರವಿಲ್ಲ. ಸದ್ಯಕ್ಕೆ ಹಳೆಯ ಸಾಧನವನ್ನು ಚಾರ್ಜ್ ಮಾಡಿ, ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿಕೊಂಡು, ಪರದೆಯ ಕೆಳಗಿನ ಅರ್ಧದಲ್ಲಿ ಕಾಣುವ ನಾಲ್ಕೈದು ಸಾಲುಗಳನ್ನು ಓದುತ್ತೇನೆ. ಮೇಲಿನ ಅರ್ಧದಲ್ಲಿ ಮರೆಯಾದ ಸಾಲುಗಳಿಗಾಗಿ ಪುಟದ ದಿಕ್ಕನ್ನು ತಲೆಕೆಳಗು ಮಾಡಿ, ಅದೇ ಪುಟವನ್ನು ಮತ್ತೊಮ್ಮೆ ನೋಡುತ್ತೇನೆ.

ಇಂತಿ,
ಒಬ್ಬ ಓದುಗ