ಟೋಪಿಯ ನಿಯಮ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಕಳೆದ ಭಾನುವಾರ ಟೋಪಿ ತರದ ಐದು ಮಕ್ಕಳನ್ನು ಆಟಕ್ಕೆ ಬಿಡದೆ ಜಗಲಿಯ ನೆರಳಿನಲ್ಲಿ ಕೂರಿಸಿದ್ದಕ್ಕೆ ನಿಮ್ಮಲ್ಲಿ ಕೆಲವರು ಬೇಸರಪಟ್ಟಿರಿ. "ಊರಿನ ಗದ್ದೆ ಬಿಸಿಲಿನಲ್ಲಿ ಬೆಳೆದವರು ನಾವು, ಈ ನಿಯಮ ಇಲ್ಲಿನ ಬಿಳಿಯ ಮಕ್ಕಳಿಗಲ್ಲವೇ ಮೇಡಂ?" ಎಂದು ಒಬ್ಬ ತಂದೆ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ಬಿಸಿಲಿನಲ್ಲಿರುವ ನೇರಳಾತೀತ (ಯುವಿ) ಕಿರಣಗಳನ್ನು ಸಾಕಷ್ಟು ತಡೆಯುವುದರಿಂದ ನಮ್ಮವರಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ ಎಂಬುದು ನಿಜ. ಆದರೆ ಆ ರಕ್ಷಣೆ ಪೂರ್ತಿಯಲ್ಲ, ಕಣ್ಣಿನ ಪೊರೆಗೂ ಇದೇ ಕಿರಣಗಳು ಒಂದು ಕಾರಣ. ಬಿಸಿಲನ್ನು ಸೆಕೆಯಿಂದ ಅಳೆಯುವ ನಮ್ಮ ರೂಢಿ ಮೆಲ್ಬರ್ನ್‌ನಲ್ಲಿ ಕೈಕೊಡುತ್ತದೆ. ಸ್ವೆಟರ್ ಬೇಕೆನಿಸುವ ಅಕ್ಟೋಬರ್ ಮಧ್ಯಾಹ್ನವೂ ಈ ಕಿರಣಗಳ ತೀವ್ರತೆಯನ್ನು ಅಳೆಯುವ ಯುವಿ ಸೂಚ್ಯಂಕ 3ನ್ನು ದಾಟಿರುತ್ತದೆ, ಮತ್ತು 3 ಮುಟ್ಟಿದರೆ ರಕ್ಷಣೆ ಬೇಕೆಂಬುದು ಇಲ್ಲಿನ ಆರೋಗ್ಯ ಸಲಹೆ.

ಇಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನಂಬೂರ್ ಪಟ್ಟಣದಲ್ಲಿ 1992ರಿಂದ 1996ರವರೆಗೆ 1,621 ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನವೂ ಸನ್‌ಸ್ಕ್ರೀನ್ ಹಚ್ಚಿಕೊಳ್ಳಲು ಹೇಳಿ, ಇನ್ನೊಂದನ್ನು ಅವರವರ ಇಷ್ಟಕ್ಕೆ ಬಿಡಲಾಯಿತು. ಮುಂದಿನ ಹತ್ತು ವರ್ಷವೂ ಅವರನ್ನು ಗಮನಿಸಿದಾಗ ಮೊದಲ ಗುಂಪಿನಲ್ಲಿ 11 ಮಂದಿಗೆ, ಎರಡನೆಯದರಲ್ಲಿ 22 ಮಂದಿಗೆ ಮೆಲನೋಮಾ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಕಂಡುಬಂದಿತ್ತು. ಅವರಲ್ಲಿ ಹೆಚ್ಚಿನವರು ಬಿಳಿಯರಾದ್ದರಿಂದ ಈ ಲೆಕ್ಕವನ್ನು ನಮ್ಮ ಮಕ್ಕಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ನಮ್ಮಂಥವರಲ್ಲಿ ಮೆಲನೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲೇ ತಾಗದ ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ಅದನ್ನು ಟೋಪಿ ತಡೆಯದು, ಕಣ್ಣು ಹಿಡಿಯಬಹುದು. ಮಕ್ಕಳಲ್ಲಿ ಇದು ತೀರಾ ಅಪರೂಪ. ಆದ್ದರಿಂದ ಎಣ್ಣೆ ಸ್ನಾನದ ದಿನ ನಿಮ್ಮ ಮತ್ತು ಮನೆಯ ಹಿರಿಯರ ಅಂಗಾಲನ್ನು ಒಮ್ಮೆ ತಿರುಗಿಸಿ ನೋಡಿ. ಕಂದು ಮೈಬಣ್ಣದವರ ಉಗುರಿನಲ್ಲಿ ಕಪ್ಪು ಗೆರೆ ಸಾಮಾನ್ಯ, ಬಹುಪಾಲು ನಿರಪಾಯಕಾರಿ. ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಗೆರೆಯನ್ನು ಮಾತ್ರ ಏಟಿನ ಗುರುತೆಂದು ಬಿಡದೆ ಜಿಪಿಗೆ (ಕುಟುಂಬ ವೈದ್ಯರಿಗೆ) ತೋರಿಸಿ.

ಇನ್ನೊಂದು ಮಾತು. ಟೋಪಿ ಹಾಕಿಸುವುದು ಮಗು ಕಪ್ಪಾದೀತೆಂಬ ಭಯಕ್ಕಲ್ಲ; ಆ ಕಾರಣವನ್ನು ದಯವಿಟ್ಟು ಮಕ್ಕಳ ಮುಂದೆ ಹೇಳಬೇಡಿ. ನಮ್ಮ ಮೈಬಣ್ಣಕ್ಕೆ ವಿಟಮಿನ್ ಡಿ ತಯಾರಾಗಲು ಬಿಸಿಲು ಹೆಚ್ಚು ಹೊತ್ತು ಬೇಕು, ಹಾಗಾಗಿ ಇಲ್ಲಿ ಯುವಿ ಸೂಚ್ಯಂಕ 3ಕ್ಕಿಂತ ಕೆಳಗಿರುವ ಮೇ ತಿಂಗಳಿನಿಂದ ಆಗಸ್ಟ್ ನಡುವಿನವರೆಗೆ ಮಕ್ಕಳು ಬರಿತಲೆಯಲ್ಲೇ ಆಡಲಿ.

ಉಳಿದ ತಿಂಗಳುಗಳಲ್ಲಿ ಸುತ್ತಲೂ ಅಂಚಿರುವ ಟೋಪಿಯನ್ನೇ ಕಳಿಸಿ. ಕ್ರಿಕೆಟ್ ಕ್ಯಾಪ್ ಕಿವಿ, ಕುತ್ತಿಗೆಯನ್ನು ಮುಚ್ಚುವುದಿಲ್ಲ. ಹಾಜರಿ ಪುಸ್ತಕದ ಪಕ್ಕ ಸನ್‌ಸ್ಕ್ರೀನ್ ಬಾಟಲಿ ಇಟ್ಟಿರುತ್ತೇವೆ. ಮಗುವಿಗೆ ಅಲರ್ಜಿಯಿದ್ದರೆ ತರಗತಿಯ ಶಿಕ್ಷಕರಿಗೆ ಬರೆದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಭಾನುವಾರದ ಕನ್ನಡ ಶಾಲೆ, ಮೆಲ್ಬರ್ನ್